ಸಿಂಹದ ಕಥೆಯ ಕೊನೆಯ ಭಾಗ

ಬೆಲ್‌ಫೋರ್ ಊರಿನವರಿಗೆ ಒಂದು ಕೆಟ್ಟ ಚಾಳಿಯಿದೆ. ತಮ್ಮ ಸಿಂಹವನ್ನು ಅವರು ಯಾವತ್ತೂ ಹತ್ತಿರ ಹೋಗಿ ನೋಡುವುದಿಲ್ಲ. ಕೋಟೆಯ ಬಂಡೆಗೆ ಆತುಕೊಂಡು ಕುಳಿತ ಆ ಕೆಂಪು ಮರಳುಕಲ್ಲಿನ ಸಿಂಹ ಅರ್ಧ ಊರಿಗೆ ಕಾಣುತ್ತದೆ. ಬ್ರೆಡ್ಡು ತರಲು ಹೊರಟವರಿಗೂ ಕಾಣುತ್ತದೆ, ಹಲ್ಲು ಕೀಳಿಸಿಕೊಳ್ಳಲು ಹೊರಟವರಿಗೂ ಕಾಣುತ್ತದೆ. ಹೀಗಿರುವಾಗ ಟಿಕೆಟ್ ಕೊಂಡು, ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಅದರ ಪಂಜದ ಕೆಳಗೆ ನಿಲ್ಲುವ ಕರ್ಮ ಯಾರಿಗೆ ಬೇಕು? ಅದೆಲ್ಲ ಪರ ಊರಿನವರ ಕೆಲಸ. ಹಿತ್ತಲ ಗಿಡ ಮದ್ದಲ್ಲ ಎಂದ ಹಾಗೆ.

ಮೊರಿಸೆಟ್ ಅಂಥವಳೇ. ಎಪ್ಪತ್ತೆಂಟು ವರ್ಷ ಸಿಂಹದ ಕಣ್ಣೆದುರೇ ಬಾಳಿದ್ದಾಳೆ, ಒಂದು ದಿನವೂ ಮೇಲೆ ಹತ್ತಿದವಳಲ್ಲ. ಇನ್ನೂ ದೊಡ್ಡ ತಮಾಷೆಯೆಂದರೆ ಅವಳ ಗಂಡ ಎಡ್ಮೋಂ ಅದೇ ಸಿಂಹದ ಗೈಡ್ ಆಗಿದ್ದವನು. ತಲೆ ನರೆಯುವವರೆಗೆ ಸಿಂಹದ ಕಾಲಬುಡದ ಕಟ್ಟೆಯ ಮೇಲೆ ನಿಂತು ಲೋಕದವರಿಗೆಲ್ಲ ಕಥೆ ಹೇಳಿದ. ಹೆಂಡತಿ ಮಾತ್ರ ಒಂದು ಸಲವೂ ಕೇಳಲಿಲ್ಲ. ಅವಳು ಬೇಕರಿಯ ಕೌಂಟರಿನಲ್ಲಿ ನಿಲ್ಲುತ್ತಿದ್ದಳು. ಭಾನುವಾರ ಅವಳಿಗೂ ಉಸಿರಾಡಲು ಬಿಡುವಿಲ್ಲ, ಅವನಿಗೂ ಇಲ್ಲ. ಇಬ್ಬರೂ ನಿವೃತ್ತರಾದ ಮೇಲೆ ಹೋಗಬಹುದಿತ್ತಲ್ಲ ಎಂದು ಕೇಳಬೇಡಿ. ಸಿಂಹ ಎಲ್ಲಿ ಓಡಿಹೋಗುತ್ತದೆ, ನಾಳೆ ಹೋದರಾಯಿತು ಎನ್ನುವುದರಲ್ಲೇ ವರ್ಷಗಳು ಕಳೆದವು.

ಕಥೆ ಅವಳಿಗೆ ಗೊತ್ತಿತ್ತು ಬಿಡಿ. ಊರಿನ ಹಸುಗೂಸಿಗೂ ಗೊತ್ತು. ಅಜ್ಜನ ಅಜ್ಜಂದಿರ ಕಾಲದಲ್ಲಿ ಪ್ರಷ್ಯದ, ಅಂದರೆ ಈಗಿನ ಜರ್ಮನಿಯ, ಸೈನ್ಯ ಊರನ್ನು ಸುತ್ತುವರಿದು ನೂರಮೂರು ದಿನ ಗುಂಡು ಸುರಿಸಿತು, ಜನ ನೆಲಮಾಳಿಗೆ ಹೊಕ್ಕು ಕುಳಿತರು, ಶರಣಾಗಲಿಲ್ಲ. ಆ ಹಟದ ನೆನಪಿಗೇ ಈ ಸಿಂಹವನ್ನು ಕೆತ್ತಿಸಿದ್ದು. ಊರಿನವರ ಬಾಯಲ್ಲಿ ಕಥೆ ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ಅದೇ ಮಾತನ್ನು ಕಂಡಕಂಡದ್ದಕ್ಕೆಲ್ಲ ಬಳಸುತ್ತಾರೆ. ಮಗು ಸೂಪು ಮುಗಿಸದಿದ್ದರೆ, ‘ಏನೋ, ಬೆಲ್‌ಫೋರ್‌ನವನಾಗಿ ಶರಣಾಗ್ತೀಯಾ?’ ಫುಟ್‌ಬಾಲ್ ಪಂದ್ಯದಲ್ಲಿ ಐದು ಗೋಲು ತಿಂದರೂ ಅದೇ, ಅತ್ತೆಯೊಂದಿಗೆ ಜಗಳವಾದರೂ ಅದೇ.

ಮೊರಿಸೆಟ್ ಈಗ ಆ ಮಾತನ್ನು ಗಂಡನ ವಿಷಯಕ್ಕೆ ಹಿಡಿದು ಕುಳಿತಿದ್ದಳು.

ಎರಡು ವರ್ಷದಿಂದ ಎಡ್ಮೋಂಗೆ ಮರೆವು. ಮೊದಲು ಕನ್ನಡಕ ಎಲ್ಲಿಟ್ಟೆ ಎನ್ನುವುದು, ಆಮೇಲೆ ವಾರಗಳ ಹೆಸರು, ಆಮೇಲೆ ಮಗಳ ಹೆಸರು. ಈಗ ಬ್ರೆಡ್ಡನ್ನು ಶೂಗಳ ಗೂಡಿನಲ್ಲಿ ಬಚ್ಚಿಡುತ್ತಾನೆ. ಹೊತ್ತಲ್ಲದ ಹೊತ್ತಿನಲ್ಲಿ ಎದ್ದು, ‘ಗುಂಪು ಕಾಯ್ತಾ ಇದೆ’ ಎಂದು ಹೊರಡುತ್ತಾನೆ. ಕಳೆದ ತಿಂಗಳು ಆ ಚಳಿಯಲ್ಲಿ ಬನಿಯನ್ನಿನಲ್ಲೇ ಹೊರಟವನು ನದಿ ದಂಡೆಯಲ್ಲಿ ಸಿಕ್ಕಿದ್ದ. ಅಂದಿನಿಂದ ಮೊರಿಸೆಟ್ ಮುಂಬಾಗಿಲಿಗೆ ಬೀಗ ಹಾಕಿ, ಕೀಲಿಯನ್ನು ಹಿಟ್ಟಿನ ಡಬ್ಬಿಯೊಳಗೆ ಹೂತಿಡುತ್ತಾಳೆ. ಹಾಲು ತರಬೇಕೆಂದರೂ ಮೊಳಕೈವರೆಗೆ ಹಿಟ್ಟು ಮೆತ್ತಿಕೊಳ್ಳುತ್ತದೆ. ಆದರೂ ಹೆಂಗಸು ಜಪ್ಪಯ್ಯ ಎಂದರೂ ಜಗ್ಗಲಿಲ್ಲ.

ಫೆಬ್ರವರಿಯ ಕೊನೆಯ ಭಾನುವಾರ ಮಗಳು ಕ್ರಿಸ್ಟೆಲ್ ಊಟಕ್ಕೆ ಬಂದಳು. ಅದೇ ಊರಿನ ರೈಲ್ವೆ ಎಂಜಿನ್ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ವಾರಕ್ಕೆರಡು ಸಲ ಬಂದು ಹೋಗುವವಳು. ಕೋಟು ಬಿಚ್ಚುವ ಮೊದಲೇ ಅವಳ ಕಣ್ಣು ತಾಯಿಯ ಮಣಿಕಟ್ಟಿಗೆ ಸುತ್ತಿದ ಬಟ್ಟೆಯ ಮೇಲೆ ಬಿತ್ತು.

“ಕೈಗೇನಾಯ್ತಮ್ಮ?”

“ಏನಿಲ್ಲ. ಜಾರಿದೆ.”

“ಎಲ್ಲಿ ಜಾರಿದೆ?”

“ಬಚ್ಚಲಲ್ಲಿ. ಎಲ್ಲರೂ ಜಾರೋದು ಅಲ್ಲೇ ತಾನೆ? ಕೂತ್ಕೋ, ಸಾಸೇಜ್ ಆರುತ್ತೆ.”

ಜಾರಿದ್ದು ಎಡ್ಮೋಂ. ಅವನನ್ನು ಎಬ್ಬಿಸಲು ಹೋದ ಮೊರಿಸೆಟ್‌ಳ ಕೈಮೇಲೆ ಅವನ ಭಾರವೆಲ್ಲ ಬಿದ್ದು, ಇಬ್ಬರೂ ಬಚ್ಚಲ ನೆಲದ ಮೇಲೆ ಬಹಳ ಹೊತ್ತು ಕುಳಿತಿದ್ದರು. ಅವನು ಅವಳನ್ನು ಸಮಾಧಾನ ಮಾಡುತ್ತ, ‘ಹೆದರಬೇಡಿ, ಫಿರಂಗಿ ಗುಂಡು ದೂರದಲ್ಲಿ ಬಿದ್ದಿದೆ’ ಎನ್ನುತ್ತಿದ್ದ. ಇದನ್ನೆಲ್ಲ ಮಗಳಿಗೆ ಹೇಳಿದರೆ ಅವಳಿಗೆ ಕೋಲು ಕೊಟ್ಟು ಹೊಡೆಸಿಕೊಂಡ ಹಾಗೆ ಎಂದು ಮೊರಿಸೆಟ್ ಬಾಯಿ ಬಿಡಲಿಲ್ಲ.

ಕ್ರಿಸ್ಟೆಲ್ ಫೋರ್ಕು ಕೆಳಗಿಟ್ಟಳು. “ಅಮ್ಮ, ನದಿ ಆಚೆ ಮರೆವಿನವರನ್ನ ನೋಡ್ಕೊಳ್ಳೋ ಆ ಹೋಮ್ ಇದೆಯಲ್ಲ, ಅಲ್ಲಿಂದ ಫೋನ್ ಬಂದಿತ್ತು. ಒಂದು ರೂಮು ಖಾಲಿಯಾಗಿದೆಯಂತೆ. ನಾಳೆ ಮಧ್ಯಾಹ್ನದೊಳಗೆ ಹೂಂ ಇಲ್ಲ ಉಹೂಂ ಹೇಳ್ಬೇಕು. ಆಮೇಲೆ ಬೇರೆಯವರಿಗೆ ಕೊಡ್ತಾರೆ.”

“ಕೊಡ್ಲಿ. ಪಾಪ, ಯಾರಿಗೆ ಬೇಕೋ ಅವರಿಗೆ ಕೊಡ್ಲಿ.”

“ಒಂದು ವರ್ಷದಿಂದ ಕಾಯ್ತಾ ಇದ್ದೀವಿ ಅಮ್ಮ.”

“ನೀನು ಕಾಯ್ತಾ ಇದ್ದೆ. ನಾನಲ್ಲ. ಬೆಲ್‌ಫೋರ್‌ನವರು ಶರಣಾಗಲ್ಲ ಕಣೆ.”

“ಶುರು ಮಾಡಿದ್ಯಾ ನಿನ್ನ ಪುರಾಣ!” ಕ್ರಿಸ್ಟೆಲ್‌ಗೆ ರೇಗಿತು. “ಇದೇನು ಪ್ರಷ್ಯದ ಯುದ್ಧಾನಾ? ಬಾಗಿಲಿಗೆ ಬೀಗ ಜಡ್ಕೊಂಡು ಒಳಗೆ ಕೂತಿದ್ದೀಯಲ್ಲ, ಶತ್ರು ಯಾರು ಹೇಳು ನೋಡೋಣ. ಅಪ್ಪನಾ? ನಾನಾ?”

ಮೊರಿಸೆಟ್ ಸಾಸೇಜನ್ನು ಸಣ್ಣ ಸಣ್ಣ ತುಂಡು ಮಾಡಿ ಎಡ್ಮೋಂನ ತಟ್ಟೆಗೆ ಹಾಕಿದಳು. ಅವನು ಅದನ್ನು ಬಹಳ ಮರ್ಯಾದೆಯಿಂದ ತಿಂದು, ಕರವಸ್ತ್ರದಿಂದ ಬಾಯಿ ಒರೆಸಿಕೊಂಡು, “ಗುಂಪು ಬಂತಾ?” ಎಂದು ಕೇಳಿದ.

“ಇನ್ನೂ ಇಲ್ಲ ಎಡ್ಮೋಂ. ತಿನ್ನು.”

“ಗುಂಪು ಅಂತಾರೆ, ಆದ್ರೆ ಸಿಂಹಾನೇ ಮರ್ತಿದ್ದಾರೆ,” ಎಂದಳು ಕ್ರಿಸ್ಟೆಲ್, ದನಿ ತಗ್ಗಿಸಿ. “ಹೋದ ವಾರ ಕಾರಲ್ಲಿ ಕರ್ಕೊಂಡು ಹೋಗ್ತಿದ್ದೆ. ಸಿಂಹ ತೋರಿಸಿದೆ. ಆ ಗೋಡೆ ಯಾರದು ಅಂತ ಕೇಳಿದ್ರು.”

ಮೊರಿಸೆಟ್‌ಳ ಚಾಕು ಅರ್ಧಕ್ಕೇ ನಿಂತಿತು. ತನ್ನನ್ನು ಮರೆತದ್ದನ್ನು ಅವಳು ಹೇಗೋ ನುಂಗಿಕೊಂಡಿದ್ದಳು. ಬೆಳಿಗ್ಗೆ ಎದ್ದು ‘ಮೇಡಂ, ನೀವು ಯಾರು’ ಎಂದರೆ, ‘ಅಡುಗೆಯವಳು’ ಎಂದು ನಗುತ್ತ ಕಾಫಿ ಕೊಡುತ್ತಿದ್ದಳು. ಆದರೆ ಸಿಂಹವನ್ನು ಮರೆತನೆಂದರೆ ಅವನಲ್ಲಿ ಇನ್ನೇನು ಉಳಿಯಿತು?

“ಸುಳ್ಳು,” ಎಂದಳು. “ಕಾರಿನ ಗಾಜಿಗೆ ಮಂಜು ಹಿಡಿದಿರುತ್ತೆ.”

“ಮಂಜೂ ಇಲ್ಲ ಮಣ್ಣೂ ಇಲ್ಲ.”

“ಹಾಗಾದ್ರೆ ಈಗಲೇ ಹೋಗೋಣ. ಮೇಲಕ್ಕೆ. ಸಿಂಹದ ಕಾಲಬುಡಕ್ಕೆ. ಅವನು ಗುರುತು ಹಿಡಿದ್ರೆ ಈ ಹೋಮಿನ ಮಾತು ನೀನಿನ್ನು ಜನ್ಮದಲ್ಲಿ ಎತ್ತಬಾರದು.”

“ಹಿಡೀಲಿಲ್ಲಾಂದ್ರೆ?”

ಮೊರಿಸೆಟ್ ಗಂಡನ ಖಾಲಿ ತಟ್ಟೆ ಎತ್ತಿದಳು. “ಹಿಡೀಲಿಲ್ಲಾಂದ್ರೆ ನಿನ್ನಿಷ್ಟದ ಹಾಗೆ ಮಾಡು.”

ಹಟಕ್ಕೆ ಬಿದ್ದು ಆಡಿದ ಮಾತು. ಆಡಿದ ಮೇಲೆ ಅವಳಿಗೇ ಭಯವಾಯಿತು. ಆದರೆ ಮಗಳೆದುರು ಮಾತು ಹಿಂತೆಗೆದುಕೊಳ್ಳುವ ಹೆಂಗಸಲ್ಲ. ಡಬ್ಬಿಯೊಳಗೆ ಕೈ ಹಾಕಿ ಕೀಲಿ ತೆಗೆದಳು.

ಹಳೇ ಪೇಟೆಯ ಕಲ್ಲುಹಾಸಿನ ಮೇಲೆ ಮೂವರೂ ನಿಧಾನವಾಗಿ ನಡೆದರು. ಎಡ್ಮೋಂ ನಡುವೆ, ಅತ್ತ ಇತ್ತ ಹೆಂಗಸರು. ಚೌಕದ ಕೆಫೆಗಳ ಮುಂದೆ ಜನ ಬಿಸಿಲಿಗೆ ಮುಖ ಕೊಟ್ಟು ಕುಳಿತಿದ್ದರು. ಮೊರಿಸೆಟ್ ದಾರಿಯುದ್ದಕ್ಕೂ ಗಂಡನ ಕಿವಿಯಲ್ಲಿ ಪಾಠ ಹೇಳಿಕೊಡುತ್ತಿದ್ದಳು. “ನಾವು ಎಲ್ಲಿಗೆ ಹೋಗ್ತಿದ್ದೀವಿ ಗೊತ್ತಲ್ಲ? ಸಿಂಹ. ನಿನ್ನ ಸಿಂಹ. ಕೆಂಪು ಕಲ್ಲಿಂದು...”

“ಅಮ್ಮ, ಇದು ಮೋಸ,” ಎಂದಳು ಕ್ರಿಸ್ಟೆಲ್.

“ಗಂಡ ಹೆಂಡತಿ ಮಾತಾಡ್ಕೋಬಾರದಾ?”

ಎಡ್ಮೋಂ ಯಾವುದಕ್ಕೂ ಕಿವಿಗೊಡಲಿಲ್ಲ. ಪಾರಿವಾಳ ನೋಡುತ್ತ ನಡೆದ. ಸಿಂಹ ಎದುರಿಗೇ ಕಾಣುತ್ತಿದ್ದರೂ ತಲೆಯೆತ್ತಲಿಲ್ಲ.

ಟಿಕೆಟ್ ಕಿಟಕಿಯ ಹುಡುಗಿ ಅವನನ್ನು ನೋಡಿದವಳೇ ಎದ್ದು ನಿಂತಳು. “ಅಯ್ಯೋ, ಎಡ್ಮೋಂ ಸರ್! ನಾನು ಮೂರನೇ ಕ್ಲಾಸಲ್ಲಿದ್ದಾಗ ನಮಗೆಲ್ಲ ಕಥೆ ಹೇಳಿದ್ರಿ. ನಿಮ್ಮತ್ರ ದುಡ್ಡು ತಗೊಳ್ಳೋದಾ? ಹೋಗಿ ಹೋಗಿ.” ಎಡ್ಮೋಂ ಟೋಪಿ ಮುಟ್ಟಿ ನಮಸ್ಕರಿಸಿದ, ಗುರುತು ಹಿಡಿಯಲಿಲ್ಲ. ಹುಡುಗಿ ಮೊರಿಸೆಟ್ ಕಡೆ ತಿರುಗಿದಳು. “ನೀವು ಮೊದಲ ಸಲ ಬರ್ತಿದ್ದೀರಾ ಮೇಡಂ? ಯಾವೂರು?”

ಕ್ರಿಸ್ಟೆಲ್‌ಗೆ ನಗು ತಡೆಯಲಾಗಲಿಲ್ಲ. ಮೊರಿಸೆಟ್‌ಳ ಕಿವಿ ಕೆಂಪಾಯಿತು. “ಹತ್ತಿರದ್ದೇ,” ಎಂದು ಮುಂದೆ ನಡೆದಳು.

ಕಟ್ಟೆಯ ಮೇಲೆ ಬಂದು ತಲೆಯೆತ್ತಿದವಳು ಒಂದು ಹೆಜ್ಜೆ ಹಿಂದೆ ಸರಿದಳು. ಕೆಳಗಿನಿಂದ ಕಾಣುತ್ತಿದ್ದದ್ದು ಮನೆಯ ಬೆಕ್ಕಿನಷ್ಟು ಪರಿಚಯದ ಪ್ರಾಣಿ. ಇಲ್ಲಿ ಅದರ ಒಂದು ಉಗುರು ಅವಳ ತೊಡೆಯಷ್ಟಿತ್ತು. ಎದೆಯ ಕಲ್ಲು ಮನೆಯ ಹಾಗೆ ಮೇಲೆದ್ದು, ಆ ಮೇಲೆ ಎಲ್ಲೋ ಮುಖ. ಇಷ್ಟು ವರ್ಷ ಇವನು ದಿನಾ ಇದರ ಕೆಳಗೆ ನಿಂತು ಸಂಜೆ ಮನೆಗೆ ಬರುತ್ತಿದ್ದನಲ್ಲ, ಬಂದಾಗ ನಾನು ಕೇಳುತ್ತಿದ್ದದ್ದು ಶೂ ಒರೆಸಿಕೊಂಡೆಯಾ ಎಂದು ಮಾತ್ರ. ಅವಳು ಗಂಡನ ಶೂಗಳ ಕಡೆ ನೋಡಿದಳು.

“ಎಡ್ಮೋಂ,” ಎಂದಳು. “ಇದೇನು ಹೇಳು.”

ಎಡ್ಮೋಂ ಕಣ್ಣು ಕಿರಿದು ಮಾಡಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಸೌಜನ್ಯದಿಂದ, ಯಾರದೋ ಮನೆಯ ಸಾಕುಪ್ರಾಣಿಯನ್ನು ಹೊಗಳುವವನಂತೆ, “ಒಳ್ಳೇ ದೊಡ್ಡ ನಾಯಿ,” ಎಂದ.

ಕ್ರಿಸ್ಟೆಲ್ ಮುಖ ಬೇರೆ ಕಡೆ ತಿರುಗಿಸಿದಳು. ಗೆದ್ದವಳ ಮುಖವಲ್ಲ ಅದು. ಅವಳ ಹೆಗಲು ಅಲುಗುತ್ತಿತ್ತು. ಮೊರಿಸೆಟ್ ಕಟಕಟೆಯನ್ನು ಹಿಡಿದು ನಿಂತಳು. ಮುಗಿಯಿತು ಎಂದುಕೊಂಡಳು. ಮಾತು ಕೊಟ್ಟಾಗಿದೆ.

ಆಗ ಇನ್ನಿಬ್ಬರು ಮೇಲೆ ಬಂದರು. ಮಳೆಯಂಗಿ ತೊಟ್ಟ ನಡುವಯಸ್ಸಿನ ಗಂಡ ಹೆಂಡತಿ. ಹೆಂಗಸು ನೇರ ಸಿಂಹದ ಪಂಜದ ಬಳಿ ಹೋಗಿ, ಫೋಟೋಕ್ಕೆಂದು ಅಂಗೈಯನ್ನು ಕಲ್ಲಿನ ಮೇಲೆ ಇಟ್ಟಳು.

“ಮುಟ್ಟಬೇಡಿ ಮೇಡಂ!”

ಮೊರಿಸೆಟ್ ಬೆಚ್ಚಿಬಿದ್ದಳು. ಆ ದನಿಯನ್ನು ಅವಳು ಎರಡು ವರ್ಷದಿಂದ ಕೇಳಿರಲಿಲ್ಲ. ಎಡ್ಮೋಂ ಅವಳ ಕೈ ಬಿಡಿಸಿಕೊಂಡು ಹೊರಟಿದ್ದ. ಬೆನ್ನು ನೆಟ್ಟಗಾಗಿತ್ತು, ಕೋಟಿನ ಗುಂಡಿ ಹಾಕಿಕೊಳ್ಳುತ್ತ ನಡೆದು ಆ ಹೆಂಗಸಿನ ಎದುರು ನಿಂತ.

“ಬೇಜಾರು ಮಾಡ್ಕೋಬೇಡಿ. ಇದು ಮರಳುಕಲ್ಲು. ಬಂದವರೆಲ್ಲ ಹೀಗೆ ಪ್ರೀತಿಯಿಂದ ಸವರ್ತಾ ಹೋದ್ರೆ, ಪ್ರಷ್ಯದ ಫಿರಂಗಿ ಊರಿಗೆ ಮಾಡೋಕಾಗದ್ದನ್ನ ನಿಮ್ಮ ಅಂಗೈ ಸಿಂಹಕ್ಕೆ ಮಾಡಿಬಿಡುತ್ತೆ. ಎಲ್ಲಿಂದ ಬಂದ್ರಿ?”

“ಫ್ರೈಬುರ್ಗ್‌ನಿಂದ,” ಎಂದ ಗಂಡಸು, ಸ್ವಲ್ಪ ಅಳುಕುತ್ತ.

“ಜರ್ಮನಿ! ಬನ್ನಿ ಬನ್ನಿ. ಸಿಂಹ ನಿಮ್ಮೂರಿನ ಕಡೆ ಬೆನ್ನು ಮಾಡಿದೆ ಅಂತ ಮನಸ್ಸಿಗೆ ಹಚ್ಕೋಬೇಡಿ. ನೀವೇ ಮುಂದುಗಡೆ ಬಂದ್ರಲ್ಲ, ಲೆಕ್ಕ ಸರಿಹೋಯ್ತು.”

ಅವರು ನಕ್ಕರು. ಎಡ್ಮೋಂ ನಗಲು ಬಿಟ್ಟ, ಸರಿಯಾಗಿ ಎಷ್ಟು ಹೊತ್ತು ಬಿಡಬೇಕೋ ಅಷ್ಟೇ ಹೊತ್ತು. ಆಮೇಲೆ ಕೈಯೆತ್ತಿ ಶುರು ಮಾಡಿದ. ಇದು ಒಂದೇ ಕಲ್ಲಲ್ಲ, ತುಂಡು ತುಂಡಾಗಿ ಕೆತ್ತಿ ಬಂಡೆಗೆ ಒತ್ತಿ ಜೋಡಿಸಿದ್ದು ಎಂದು ಗೆರೆ ತೋರಿಸಿದ. ಪಂಜದ ಕೆಳಗಿನ ಬಾಣ ತೋರಿಸಿದ. ನೆಲಮಾಳಿಗೆಯ ಕತ್ತಲೆ, ಸಿಡುಬು, ಹಿಮ, ಗುಂಡು ಬೀಳುವ ನಡುವೆಯೇ ನೀರಿಗೆ ಓಡಿದ ಹೆಂಗಸರು. ಒಂದು ಮಾತೂ ತಡವರಿಸಲಿಲ್ಲ. ಮಗಳ ಹೆಸರು ನೆನಪಿಲ್ಲದ ಬಾಯಲ್ಲಿ ಇಡೀ ಯುದ್ಧ ಸಾಲುಗಟ್ಟಿ ನಿಂತಿತ್ತು.

ಮೊರಿಸೆಟ್ ಮಗಳ ಪಕ್ಕೆಗೆ ಮೊಳಕೈಯಿಂದ ತಿವಿದಳು. “ಕೇಳಿಸ್ತಾ? ನಾಯಿಯಂತೆ ನಾಯಿ! ತಮಾಷೆ ಮಾಡಿದ್ದು ಅವನು. ಯಾವಾಗಲೂ ಹಾಗೇ.”

ಕ್ರಿಸ್ಟೆಲ್ ಕಣ್ಣೊರೆಸಿಕೊಂಡಳು. “ಕೇಳಿಸ್ತಮ್ಮ.”

“ಮಾತು ಅಂದ್ರೆ ಮಾತು.”

“ಮಾತು ಅಂದ್ರೆ ಮಾತು. ಇನ್ನು ಎತ್ತಲ್ಲ.”

ಮೊರಿಸೆಟ್ ಗೆದ್ದಳು. ಗೆದ್ದ ಸಂತೋಷದಲ್ಲಿ ಎದೆಯುಬ್ಬಿಸಿ ನಿಂತಿದ್ದಾಗಲೇ ಆ ಜರ್ಮನ್ ಗಂಡಸು ಕೈಯಲ್ಲಿದ್ದ ಪುಸ್ತಕ ನೋಡುತ್ತ ಕೇಳಿದ, “ಅಂತೂ ಕೊನೆಗೆ ಊರು ಶರಣಾಯ್ತು, ಅಲ್ವಾ?”

“ಯಾರ್ರೀ ನಿಮಗೆ ಹಾಗೆ ಹೇಳಿದ್ದು?” ಮೊರಿಸೆಟ್ ಮುಂದೆ ನುಗ್ಗಿದಳು. “ಶರಣಾಗಲಿಲ್ಲ! ಯಾವತ್ತೂ ಆಗಲಿಲ್ಲ!”

“ಮೇಡಂ, ದಯವಿಟ್ಟು,” ಎಡ್ಮೋಂ ಅಂಗೈ ಎತ್ತಿ ಅವಳನ್ನು ತಡೆದ, ಶಾಲೆಯ ಹುಡುಗಿಯನ್ನು ತಡೆದ ಹಾಗೆ. “ಗದ್ದಲ ಮಾಡಬೇಡಿ. ಇವರು ಒಳ್ಳೇ ಪ್ರಶ್ನೆ ಕೇಳಿದ್ದಾರೆ. ಇದನ್ನ ಹೊರಗಿನವರು ಮಾತ್ರ ಕೇಳ್ತಾರೆ. ನಮ್ಮೂರಿನವರಿಗೆ ಬಾಗಿಲು ಹಾಕ್ಕೊಂಡು ಕೂತ ಕಥೆ ಅಂದ್ರೆ ಪ್ರಾಣ. ಬಾಗಿಲು ತೆಗೆದ ಕಥೆ ಶುರು ಮಾಡಿದ್ರೆ ಎದ್ದು ಹೋಗ್ತಾರೆ.”

ಮೊರಿಸೆಟ್ ನಿಂತಲ್ಲೇ ನಿಂತಳು.

“ಕೋಟೆ ಬಿತ್ತಾ? ಬೀಳಲಿಲ್ಲ. ಗೆದ್ದರಾ? ಅದೂ ಇಲ್ಲ. ದೇಶವೆಲ್ಲ ಕದನ ನಿಲ್ಲಿಸಿ ಆಗಿತ್ತು, ಇವರು ಮಾತ್ರ ಇನ್ನೂ ಕಾದಾಡ್ತಿದ್ರು. ಕೊನೆಗೆ ಸರ್ಕಾರದಿಂದ ಆಜ್ಞೆ ಬಂತು. ಸಾಕು, ಕೋಟೆ ಬಿಟ್ಟು ಹೊರಡಿ ಅಂತ. ಹೊರಟರು. ಕೈಯೆತ್ತಿಕೊಂಡಲ್ಲ. ಬಂದೂಕು ಹೆಗಲ ಮೇಲೆ, ಬಾವುಟ ಮುಂದೆ. ಇದೇ ಫೆಬ್ರವರಿ ಚಳಿಯಲ್ಲಿ.” ಎಡ್ಮೋಂ ಸಿಂಹದ ಕಡೆ ತಿರುಗಿದ. “ಈಗ ಇದನ್ನ ಸರಿಯಾಗಿ ನೋಡಿ. ಮುಂಗಾಲು ಊರಿ ಎದ್ದಿದೆ, ಹಿಂಭಾಗ ಇನ್ನೂ ನೆಲದ ಮೇಲೇ ಇದೆ. ಇದು ಗೆದ್ದ ಸಿಂಹ ಅಲ್ಲ. ಸುಸ್ತಾದ ಸಿಂಹ. ಸುಸ್ತಾಗಿದೆ ಅಂತ ಒಪ್ಪಿಕೊಂಡ್ರೆ ಇದರ ಮರ್ಯಾದೆ ಏನೂ ಕಮ್ಮಿ ಆಗಲ್ಲ.”

ಗಾಳಿ ಬೀಸುತ್ತಿತ್ತು. ಕೆಳಗೆ ಊರಿನ ಹೆಂಚುಗಳ ಮೇಲೆ ಬಿಸಿಲು ಬಿದ್ದಿತ್ತು. ಮೊರಿಸೆಟ್ ತನ್ನ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡಿದ್ದಳು. ಅದು ಮೂರು ದಿನದಿಂದ ಹಗಲೂ ರಾತ್ರಿ ನೋಯುತ್ತಿತ್ತು. ಈ ಕ್ಷಣದವರೆಗೆ ಅವಳು ಅದನ್ನು ತನಗೇ ಹೇಳಿಕೊಂಡಿರಲಿಲ್ಲ.

“ಅವರಿಗೆ ನಾಚಿಕೆಯಾಗಲಿಲ್ವಾ?” ಎಂದು ಕೇಳಿದಳು. ತನ್ನ ದನಿ ತನಗೇ ಅಪರಿಚಿತವಾಗಿ ಕೇಳಿಸಿತು. “ಅಷ್ಟು ದಿನ ಕಾದು, ಕೊನೆಗೆ ತಾವೇ ಬಾಗಿಲು ತೆಗೆದು ಹೊರಡೋಕೆ?”

“ನಾಚಿಕೆ ಯಾಕೆ ಮೇಡಂ?” ಎಡ್ಮೋಂ ಅವಳನ್ನು ದಯೆಯಿಂದ ನೋಡಿದ. “ಒಂದು ಮಾತು ಹೇಳ್ತೀನಿ. ಇದು ಪುಸ್ತಕದಲ್ಲಿಲ್ಲ, ನಮ್ಮ ಮನೇಲಿ ಹೇಳ್ತಿದ್ದದ್ದು. ಹೊರಡೋ ದಿನ ಬೆಳಿಗ್ಗೆ ಹೆಂಗಸರೆಲ್ಲ ನೆಲಮಾಳಿಗೆಯಿಂದ ಬ್ರಷ್ ಹಿಡ್ಕೊಂಡು ಮೇಲೆ ಬಂದರಂತೆ. ಬೀದೀಲಿ ನಿಂತು ಒಬ್ಬೊಬ್ಬ ಸಿಪಾಯಿಯ ಕೋಟನ್ನೂ ಉಜ್ಜಿ ಧೂಳು ತೆಗೆದರಂತೆ. ನಮ್ಮ ಹುಡುಗರು ಕೊಳಕಾಗಿ ಹೋಗಬಾರದು ಅಂತ.”

ಜರ್ಮನ್ ಹೆಂಗಸು ಮೂಗು ಒರೆಸಿಕೊಂಡಳು. ಗಂಡಸು ಎಡ್ಮೋಂನ ಕೈ ಕುಲುಕಿ ವಂದನೆ ಹೇಳಿದ. ಅವರು ಕೆಳಗಿಳಿದ ಮೇಲೆ ಎಡ್ಮೋಂ ಮೊರಿಸೆಟ್ ಕಡೆ ತಿರುಗಿದ, ಉಳಿದ ಕೊನೆಯ ಪ್ರವಾಸಿಯೊಂದಿಗೆ ನಾಲ್ಕು ಮಾತಾಡುವ ಉಪಚಾರಕ್ಕೆ.

“ನೀವು ಎಲ್ಲಿಂದ ಬಂದ್ರಿ ಮೇಡಂ?”

“ಇದೇ ಊರು.”

“ಸುಳ್ಳು ಹೇಳಬೇಡಿ,” ಎಡ್ಮೋಂ ಬೆರಳಾಡಿಸಿ ನಕ್ಕ. “ಈ ಊರಿನವರು ಯಾರೂ ಇಲ್ಲಿಗೆ ಬರಲ್ಲ. ನನ್ನ ಹೆಂಡತೀನೇ ಬಂದಿಲ್ಲ.”

ಕ್ರಿಸ್ಟೆಲ್ ಒಂದು ಹೆಜ್ಜೆ ಮುಂದಿಟ್ಟಳು. ಮೊರಿಸೆಟ್ ಕೈಯಿಂದಲೇ ಅವಳನ್ನು ತಡೆದಳು.

“ಯಾಕೆ ಬಂದಿಲ್ಲ?”

“ಅವಳಿಗೆ ಬೇಕರಿ. ಬೆಳಗಿನಿಂದ ಸಂಜೆವರೆಗೆ ನಿಂತೇ ಇರ್ತಾಳೆ ಪಾಪ. ಸಂಜೆ ಕಾಲು ಊದಿರುತ್ತೆ, ಆದ್ರೆ ಬಾಯಿ ಬಿಟ್ಟು ಹೇಳಲ್ಲ. ಮಹಾ ಹಟಮಾರಿ.” ಅವನ ಮುಖ ಅರಳಿತು. “ಒಂದಲ್ಲ ಒಂದು ದಿನ ಬರ್ತಾಳೆ. ಬಂದಾಗ ಈ ಕೊನೇ ಭಾಗಾನ ಅವಳಿಗೆ ಚೆನ್ನಾಗಿ ಹೇಳ್ಬೇಕು. ಅವಳಿಗೆ ಮೊದಲರ್ಧ ಮಾತ್ರ ಗೊತ್ತು.”

ಮೊರಿಸೆಟ್ ಅಳುವವಳಲ್ಲ. ತಾಯಿ ಸತ್ತಾಗಲೂ ಬೇಕರಿಯಲ್ಲಿ ನಿಂತು ಚಿಲ್ಲರೆ ಎಣಿಸಿದವಳು. ಈಗ ಕಲ್ಲಿನ ಪಂಜಕ್ಕೆ ಮುಖ ಮಾಡಿ, ಬಾಯಿಗೆ ಸೆರಗಿಲ್ಲದ್ದಕ್ಕೆ ಸ್ಕಾರ್ಫ್ ಒತ್ತಿಕೊಂಡು ಅತ್ತಳು. ಅಳುತ್ತ ಆಸರೆಗೆ ಕಲ್ಲಿನ ಮೇಲೆ ಕೈಯಿಟ್ಟಳು.

“ಮುಟ್ಟಬೇಡಿ ಮೇಡಂ,” ಎಂದ ಎಡ್ಮೋಂ, ಮೆಲ್ಲನೆ. ಆಮೇಲೆ ಏನು ಯೋಚಿಸಿದನೋ, “ಇರಲಿ. ನೀವೊಬ್ಬರು ಮುಟ್ಟಿ,” ಎಂದ.

ಇಳಿಯುವಾಗ ಅವನಿಗೆ ಮೆಟ್ಟಿಲೇ ಅರ್ಥವಾಗಲಿಲ್ಲ. ಒಂದೊಂದಕ್ಕೂ ನಿಂತು, ಇದೇನು ಎನ್ನುವಂತೆ ನೋಡುತ್ತಿದ್ದ. ಕ್ರಿಸ್ಟೆಲ್ ಕಾಲು ಹಿಡಿದು ಇಡಿಸಿದಳು. ಮನೆಯ ಬಾಗಿಲಲ್ಲಿ ಅವಳು ತಾಯಿಗೆ ಮುತ್ತಿಟ್ಟು, “ನಾಳೆ ಅವರಿಗೆ ಬೇಡ ಅಂತ ಫೋನ್ ಮಾಡಿಬಿಡ್ತೀನಿ,” ಎಂದಳು. ಮೊರಿಸೆಟ್ ತಲೆ ಮಾತ್ರ ಆಡಿಸಿದಳು.

ಬೆಳಿಗ್ಗೆ ಕ್ರಿಸ್ಟೆಲ್ ಇನ್ನೂ ಕಾಫಿ ಕುಡಿಯುತ್ತಿದ್ದಾಗ ತಾಯಿಯ ಫೋನ್ ಬಂತು.

“ಆ ರೂಮಿಗೆ ಹೂಂ ಅನ್ನು.”

“ಅಮ್ಮ? ನೀನು ಗೆದ್ದಿದ್ದೀಯ. ನಾನೇನೂ—”

“ಗೆದ್ದದ್ದು ನಂಗೆ ಗೊತ್ತಿಲ್ವಾ? ನನಗೆ ಇವನನ್ನ ಎತ್ತೋಕಾಗ್ತಿಲ್ಲ ಕ್ರಿಸ್ಟೆಲ್. ಕೈ ಮುರಿದಿದೆ ಅಂತ ಕಾಣುತ್ತೆ. ಬಚ್ಚಲಲ್ಲಿ ಜಾರಿದ್ದು ಅವನು, ನಾನಲ್ಲ.” ಕ್ರಿಸ್ಟೆಲ್ ಮೂಗೆಳೆದಳು. “ಅಳಬೇಡ. ನಾನು ದಿನಾ ಅಲ್ಲೇ ಹೋಗಿ ಕೂತಿರ್ತೀನಿ, ಅವರಿಗೆ ಸಾಕು ಸಾಕಾಗಬೇಕು ಹಾಗೆ. ಮತ್ತೆ ಕೇಳು, ಅವನನ್ನ ಕರ್ಕೊಂಡು ಹೋಗೋ ದಿನ ಕಾರನ್ನ ಬಾಗಿಲಿಗೆ ತರಬೇಡ. ಸೇತುವೆ ಹತ್ರ ನಿಲ್ಲಿಸು. ಅಲ್ಲೀವರೆಗೆ ನಡ್ಕೊಂಡು ಬರ್ತೀವಿ.”

ಹೊರಡುವ ದಿನ ಮೊರಿಸೆಟ್ ಬೀರುವಿನಿಂದ ಅವನ ಗೈಡ್ ಕೋಟು ತೆಗೆದಳು. ಕಡುನೀಲಿ ಕೋಟು, ಹಿತ್ತಾಳೆ ಗುಂಡಿ, ಎದೆಯ ಮೇಲೆ ಸಣ್ಣ ಸಿಂಹದ ಬಿಲ್ಲೆ. ಪಟ್ಟಿ ಹಾಕಿದ ಬಲಗೈ ಆಡುತ್ತಿರಲಿಲ್ಲ. ಎಡಗೈಯಲ್ಲೇ ಅವನಿಗೆ ಗಡ್ಡ ಹೆರೆದು, ಶೂಗೆ ಪಾಲಿಶ್ ಹಾಕಿ, ಕೋಟು ತೊಡಿಸಿ ಬಾಗಿಲ ಬಳಿ ನಿಲ್ಲಿಸಿದಳು. ಆಮೇಲೆ ಬ್ರಷ್ ತಂದಳು. ಹೆಗಲು, ತೋಳು, ಬೆನ್ನು, ಎಲ್ಲ ನಿಧಾನವಾಗಿ ಉಜ್ಜಿ ಧೂಳು ತೆಗೆದಳು. ಧೂಳೇನೂ ಇರಲಿಲ್ಲ, ಅವಳ ಮನೆಯ ಬೀರು ಅದು. ಆದರೂ ಇನ್ನೊಂದು ಸಲ ಉಜ್ಜಿದಳು.

ಎಡ್ಮೋಂ ಬ್ರಷ್ಷನ್ನೇ ನೋಡುತ್ತಿದ್ದ. ಅವನ ಹುಬ್ಬು ಮೆಲ್ಲಗೆ ಮೇಲೇರಿತು.

“ಆಜ್ಞೆ ಬಂತಾ?” ಎಂದು ಕೇಳಿದ.

“ಬಂತು.”

“ಯಾರು ಕೊಟ್ಟರು?”

“ನಾನೇ ಕೊಟ್ಟೆ,” ಎಂದಳು ಮೊರಿಸೆಟ್.

ಎಡ್ಮೋಂ ತಲೆದೂಗಿ, ಕಾಲರ್ ಸರಿಮಾಡಿಕೊಂಡು ನೆಟ್ಟಗೆ ನಿಂತ. ಹಿಡಿದುಕೊಳ್ಳಲೆಂದು ಅವಳಿಗೆ ತೋಳು ಚಾಚಿದ. ಹೊಸ್ತಿಲು ದಾಟುವಾಗ ಏನೋ ನೆನಪಾದವನಂತೆ ನಿಂತು, ಅವಳ ಕಿವಿಯ ಬಳಿ ಬಾಗಿದ.

“ಮೇಡಂ, ನಿಮ್ಮಿಂದ ಒಂದು ಉಪಕಾರ ಆಗ್ಬೇಕು. ನನ್ನ ಹೆಂಡತಿ ಸಂಜೆ ಬೇಕರಿಯಿಂದ ಬರ್ತಾಳೆ. ಕೋಟೆ ಬೀಳಲಿಲ್ಲ ಅಂತ ಅವಳಿಗೆ ಹೇಳ್ತೀರಾ? ಇಲ್ಲಾಂದ್ರೆ ಅವಳು ಒಬ್ಬಳೇ ಕೂತು ಕೊರಗ್ತಾಳೆ.”

“ಹೇಳ್ತೀನಿ,” ಎಂದಳು ಮೊರಿಸೆಟ್. ಕೀಲಿಯ ಮೇಲಿನ ಹಿಟ್ಟು ಒರೆಸಿ ಅದನ್ನು ಬಾಗಿಲ ಪಕ್ಕದ ಮೊಳೆಗೆ, ಮೊದಲು ಇರುತ್ತಿದ್ದ ಜಾಗಕ್ಕೆ, ತೂಗುಹಾಕಿದಳು. ಆಮೇಲೆ ಗಂಡನ ತೋಳು ಹಿಡಿದು ಮೆಟ್ಟಿಲಿಳಿದಳು.